ಗೇಟಿನ ಲೆಕ್ಕ, ಕೌಂಟರಿನ ಲೆಕ್ಕ

ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಮನೆಮಠ ಕಳೆದುಕೊಂಡವರ ಕತೆ ಹಳೇ ಬೆಂಗಳೂರಿನ ಬೀದಿಗೊಂದು ಸಿಗುತ್ತದೆ. ಹಾಗಾಗಿ ಉಳಿತಾಯದ ಅಂಕಣದಲ್ಲಿ ರೇಸ್ ಕೋರ್ಸಿನ ಸೀಸನ್ ಟಿಕೆಟ್ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಅತ್ತೆಯವರು ಒಂದು ಗಳಿಗೆ ಸುಮ್ಮನಿದ್ದು, 'ಓದಿದವರು ನಿಮ್ಮನ್ನ ಏನಂದ್ಕೋತಾರೆ?' ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ರೇಸ್ ಕೋರ್ಸ್ ರಸ್ತೆಯ ಆ ಮೈದಾನಕ್ಕೆ ಬರುವವರೆಲ್ಲ ಒಂದೇ ಜಾತಿಯವರಲ್ಲ. ಜಾಕ್‌ಪಾಟ್ ಹಿಂದೆ ಬಿದ್ದವರ ನಡುವೆಯೇ, ಕುದುರೆಯ ತಾಯಿ ಯಾವುದು, ತಂದೆ ಯಾವುದು, ಅದು ಕುಣಿಗಲ್ ಸ್ಟಡ್ ಫಾರ್ಮ್‌ನಲ್ಲಿ ಹುಟ್ಟಿದ್ದೋ ಇನ್ನೆಲ್ಲಿಯದೋ ಎಂದು ಬಾಯಿಪಾಠ ಒಪ್ಪಿಸುವ ನಿವೃತ್ತ ಗುಮಾಸ್ತರು, ಬ್ಯಾಂಕಿನವರು, ಕ್ರಿಕೆಟ್ ಹುಚ್ಚಿನಷ್ಟೇ ನಿಯತ್ತಿನಿಂದ ಕುದುರೆ ನೋಡುವವರು ಇದ್ದಾರೆ. ನಾನು ಆ ಎರಡನೇ ಗುಂಪಿನ ಕೊನೆಯ ಬೆಂಚಿನವನು. ಈ ಬರಹವೂ ಆ ಗುಂಪಿಗೇ.

ಸೀಸನ್ ಟಿಕೆಟ್ ಎಂದೊಡನೆ ಎಲ್ಲರೂ ಮಾಡುವ ಲೆಕ್ಕ ಒಂದೇ: ಸೀಸನ್ ದರವನ್ನು ದಿನದ ಟಿಕೆಟ್ಟಿನ ದರದಿಂದ ಭಾಗಿಸು, ಬಂದ ಸಂಖ್ಯೆಗಿಂತ ಹೆಚ್ಚು ದಿನ ಹೋದರೆ ಲಾಭ. ಲೆಕ್ಕ ಸರಿ, ಅದಕ್ಕೆ ಕೊಡುವ ಅಂಕಿ ಮಾತ್ರ ಸುಳ್ಳು. ಉದಾಹರಣೆಗೆ ದಿನದ ಟಿಕೆಟ್ ₹100, ಸೀಸನ್ನಿನದು ₹1,200 ಎಂದುಕೊಳ್ಳಿ. ಹನ್ನೆರಡು ದಿನ ಹೋದರೆ ಅಸಲು, ಹದಿಮೂರನೆಯ ದಿನದಿಂದ ಪುಕ್ಕಟೆ. 'ವಾರಕ್ಕೆರಡು ದಿನ ಹೋಗೇ ಹೋಗ್ತೀನಿ, ಆರು ವಾರಕ್ಕೆ ದುಡ್ಡು ವಾಪಸ್' ಎಂದು ಮನಸ್ಸು ಹೇಳುತ್ತದೆ. ಆದರೆ ಬೆಂಗಳೂರಿನ ಬೇಸಿಗೆ ಸೀಸನ್ ನಡೆಯುವುದು ಮೇ ತಿಂಗಳಿನಿಂದ ಆಚೆಗೆ. ಮೇನಲ್ಲಿ ಮದುವೆಗಳು, ಜೂನ್‌ನಲ್ಲಿ ಮಕ್ಕಳ ಶಾಲೆ, ಜುಲೈನಲ್ಲಿ ಮಳೆ. ಚಳಿಗಾಲದ ಸೀಸನ್ ನವೆಂಬರಿನಿಂದ ಎಳೆದರೆ ಅಯ್ಯಪ್ಪನ ಮಾಲೆ, ಸಂಕ್ರಾಂತಿ, ಆಮೇಲೆ ಪರೀಕ್ಷೆ. ಆದ್ದರಿಂದ ನಾನು 'ಹೋಗ್ತೀನಿ' ಎಂಬ ಅಂಕಿಯನ್ನು ಬದಿಗಿಟ್ಟು, ಕಳೆದ ಸೀಸನ್‌ನಲ್ಲಿ ನಿಜಕ್ಕೂ ಹೋದ ದಿನಗಳನ್ನು ಫೋನಿನ ಯುಪಿಐ ಪಟ್ಟಿಯಲ್ಲಿ ಹುಡುಕುತ್ತೇನೆ. ಪಾರ್ಕಿಂಗ್, ಕಾಫಿ, ರೇಸ್ ಬುಕ್ ಇವುಗಳ ಸಾಲು ಸುಳ್ಳು ಹೇಳುವುದಿಲ್ಲ. ಆ ಸಂಖ್ಯೆ ಅಸಲಿನ ದಿನಗಳನ್ನು ದಾಟದಿದ್ದರೆ ಸೀಸನ್ ಟಿಕೆಟ್ ಬೇಡ, ಅಷ್ಟೇ.

ದಾಟಿದರೂ ಉಳಿಯುವುದು ಎಷ್ಟು? ಕೆಲವು ನೂರು ರೂಪಾಯಿ. ಅದಕ್ಕಾಗಿ ಇಷ್ಟು ಬರೆಯಬೇಕಿರಲಿಲ್ಲ. ನನ್ನ ಮಟ್ಟಿಗೆ ಸೀಸನ್ ಟಿಕೆಟ್ಟಿನ ನಿಜವಾದ ಲಾಭ ಗೇಟಿನಲ್ಲಿ ಕಾಣುವುದಿಲ್ಲ, ಒಳಗೆ ಪಂತ ಕಟ್ಟುವ ಕೌಂಟರಿನ ಮುಂದೆ ಕಾಣುತ್ತದೆ.

ದಿನದ ಟಿಕೆಟ್ ಕೊಂಡು ಒಳಗೆ ಹೋದವನನ್ನು ಗಮನಿಸಿ. ಕೈಯಿಂದ ಆಗಲೇ ಒಂದಿಷ್ಟು ಹೋಗಿದೆ. 'ಗೇಟಿನ ದುಡ್ಡಾದರೂ ಹುಟ್ಟಲಿ' ಎಂದು ಮೊದಲ ರೇಸಿಗೇ ಒಂದು ವಿನ್ ಪಂತ, ಒಂದು ಪ್ಲೇಸ್ ಪಂತ. ದುಡ್ಡು ಕೊಟ್ಟು ಬಂದಿದ್ದೇನೆ, ಮಧ್ಯದಲ್ಲಿ ಎದ್ದು ಹೋಗುವುದು ಹೇಗೆ ಎಂದು ಕೊನೆಯ ರೇಸಿನ ತನಕ ಕೂರುತ್ತಾನೆ. ಅಲ್ಲೇ ಇರುವುದು ಪೆಟ್ಟು. ಒಂದು 1,200 ಮೀಟರ್ ಓಟ ಮುಗಿಯಲು ಒಂದೂಕಾಲು ನಿಮಿಷ ಸಾಕು. ಮುಂದಿನದಕ್ಕೆ ಸುಮಾರು ಅರ್ಧ ಗಂಟೆ ಕಾಯಬೇಕು. ಮಧ್ಯಾಹ್ನವಿಡೀ ಕೂತರೆ ಕುದುರೆ ಓಡುವುದು ಹತ್ತು ಹನ್ನೆರಡು ನಿಮಿಷ, ಉಳಿದ ನಾಲ್ಕು ಗಂಟೆ ಬರೀ ಕಾಯುವುದು. ಆ ಹೊತ್ತಿನಲ್ಲಿ ಟೀವಿ ಪರದೆಗಳ ಮೇಲೆ ಬೇರೆ ಊರಿನ ರೇಸು ಬರುತ್ತಿರುತ್ತದೆ, ಅದಕ್ಕೂ ಇಲ್ಲೇ ಪಂತ ಕಟ್ಟಬಹುದು. ಕಣ್ಣಿಗೇ ಬೀಳದ ಕುದುರೆಯ ಮೇಲೆ, ಹೆಸರು ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ದುಡ್ಡು ಹಾಕುವುದು ಬೇಜಾರು ಕಳೆಯಲೇ ಹೊರತು ಆಟದ ಪ್ರೀತಿಗಲ್ಲ.

ಸೀಸನ್ ಟಿಕೆಟ್ ಜೇಬಿನಲ್ಲಿದ್ದರೆ ಆ ಒತ್ತಡ ಇರುವುದಿಲ್ಲ. ಇಂದು ಒಂದೇ ಒಂದು ಒಳ್ಳೆಯ ರೇಸ್ ಇದೆ ಅನ್ನಿ. ಅದರ ಹೊತ್ತಿಗೆ ಹೋಗಿ, ನೋಡಿ, ಎದ್ದು ಬರಬಹುದು. ನಾನು ಹೆಚ್ಚಾಗಿ ಹೋಗುವುದೇ ಪ್ಯಾಡಕ್ ನೋಡಲು. ಓಟಕ್ಕೆ ಮುಂಚೆ ಅಲ್ಲಿ ಲಾಯದ ಆಳುಗಳಾದ ಸೈಸ್‌ಗಳು ಕುದುರೆಗಳನ್ನು ಸುತ್ತು ಹಾಕಿಸುತ್ತಾರೆ. ಕಟಕಟೆಯ ಪಕ್ಕ ನಿಂತರೆ ಮಾರು ದೂರದಲ್ಲಿ ಕುದುರೆಯ ಮೈ. ಒಂದು ತಲೆ ತಗ್ಗಿಸಿ, ಉದ್ದುದ್ದ ಹೆಜ್ಜೆ ಇಟ್ಟು, ಯಾವ ಗಲಾಟೆಗೂ ಕಿವಿಗೊಡದೆ ನಡೆಯುತ್ತದೆ. ಅದರ ಹಿಂದಿನ ಹೆಣ್ಣುಕುದುರೆ ಅಡ್ಡಡ್ಡ ಕುಣಿಯುತ್ತ ಬಾಲ ಬೀಸುತ್ತದೆ. ಕತ್ತಿನ ಮೇಲೆ ಲಗಾಮಿನ ಪಟ್ಟಿ ಉಜ್ಜುವ ಕಡೆ ಬೆವರು ಬಿಳಿ ನೊರೆಯಾಗಿ ಕೂತಿದೆ, ಹಿಂಗಾಲುಗಳ ನಡುವೆಯೂ ಅದೇ ನೊರೆ. ಸೈಸ್ ಅದರ ಮೂಗಿನ ಹತ್ತಿರ ಬಾಯಿಟ್ಟು ಏನೋ ಸಮಾಧಾನ ಹೇಳುತ್ತಿದ್ದಾನೆ. ಓಡುವ ಮೊದಲೇ ಅರ್ಧ ಶಕ್ತಿಯನ್ನು ಹೀಗೆ ಕುಣಿದೇ ಖರ್ಚು ಮಾಡುವ ಕುದುರೆಗಳಿವೆ. ಇದನ್ನು ನೋಡಲು ಕಲಿಯಬೇಕೆಂದರೆ ಮತ್ತೆ ಮತ್ತೆ ಹೋಗಬೇಕು, ಕೆಲವು ದಿನ ಒಂದು ರೂಪಾಯಿಯೂ ಕಟ್ಟದೆ ಬರಬೇಕು. ದಿನದ ಟಿಕೆಟ್ಟಿನವನಿಗೆ ಅದು ನಷ್ಟದ ದಿನ. ನನಗೆ ಆಗಲೇ ದುಡ್ಡು ಕೊಟ್ಟಾಗಿರುವ ದಿನ.

ಈಗ ದೊಡ್ಡ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಕುದುರೆ ಪಂತದ ಮೇಲಿನ ಜಿಎಸ್‌ಟಿ 28%ರಿಂದ 40%ಕ್ಕೆ ಏರಿದೆ. ಅದೂ ಕ್ಲಬ್ಬಿನ ಕಮಿಷನ್ ಮೇಲಲ್ಲ, ಪಂತದ ಪೂರ್ತಿ ಮುಖಬೆಲೆಯ ಮೇಲೆ. ಕುದುರೆ ಪಂದ್ಯ ಕುಶಲತೆಯ ಆಟ, ಬರೀ ಜೂಜಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ತೆರಿಗೆಯವರು ಮಾತ್ರ ಅದನ್ನು ಕ್ಯಾಸಿನೊ ಪಕ್ಕದ ಸಾಲಿನಲ್ಲೇ ಕೂರಿಸಿದ್ದಾರೆ. ರೇಸ್ ಕ್ಲಬ್ಬಿನ ಪ್ರವೇಶ ಟಿಕೆಟ್ ಕೂಡ ಅದೇ 40%ರ ಸಾಲಿನದು. ವಾರಕ್ಕೆ ₹1,000 ಪಂತ ಕಟ್ಟುವವನು ಹತ್ತು ವಾರಕ್ಕೆ ₹10,000 ಕಟ್ಟಿದರೆ ಅದರ ಮೇಲಿನ ತೆರಿಗೆಯೇ ₹4,000. ಮೇಲೆ ಸೇರಿಸಿ ಕೊಟ್ಟರೂ ಸರಿ, ಕೊಟ್ಟದ್ದರಲ್ಲೇ ಕಡಿದುಕೊಂಡರೂ ಸರಿ, ಹೋಗುವುದು ನಮ್ಮ ಜೇಬಿನಿಂದಲೇ. ಗೇಟಿನಲ್ಲಿ ಕೆಲವು ನೂರು ಉಳಿಸಿ ಕೌಂಟರಿನಲ್ಲಿ ಸಾವಿರಗಳನ್ನು ಬಿಟ್ಟು ಬರುವವನು ಸೂಜಿ ಕೊಂಡ ಕಡೆ ಚೌಕಾಸಿ ಮಾಡಿ ಸೀರೆಯಂಗಡಿಯಲ್ಲಿ ಬೆಲೆ ಕೇಳದವನ ಹಾಗೆ.

ಗೆದ್ದರೆ? ಗೆಲುವಿನ ಮೇಲೆ ನೇರ 30% ಆದಾಯ ತೆರಿಗೆ, ಅದರ ಮೇಲೆ 4% ಸೆಸ್. ನಿಮ್ಮ ಆದಾಯದ ಸ್ಲ್ಯಾಬ್ ಯಾವುದೇ ಇರಲಿ, ದರ ಇದೇ. ಒಂದೇ ಗೆಲುವು ₹10,000 ದಾಟಿದರೆ ಕೈಗೆ ಬರುವ ಮೊದಲೇ ಟಿಡಿಎಸ್ ಹೋಗಿರುತ್ತದೆ; ₹20,000ಕ್ಕೆ ₹6,000. ಸೀಸನ್ನಿನುದ್ದಕ್ಕೂ ಸೋತದ್ದನ್ನು ಈ ಗೆಲುವಿನಿಂದ ಕಳೆಯಲು ಬರುವುದಿಲ್ಲ. ನನ್ನ ಪರಿಚಯದ ಒಬ್ಬರು ಸೀಸನ್ ಟಿಕೆಟ್ಟಿನ ರಸೀದಿಯನ್ನು ಜೋಪಾನವಾಗಿ ಫೈಲಿನಲ್ಲಿ ಇಟ್ಟಿದ್ದರು, ರಿಟರ್ನ್‌ನಲ್ಲಿ ಖರ್ಚು ತೋರಿಸಬಹುದೆಂದು. ಅದೂ ನಡೆಯದು. ಒಂದು ದೊಡ್ಡ ಗೆಲುವು, ಅದಕ್ಕಿಂತ ದೊಡ್ಡ ಸೋಲಿನ ರಾಶಿ ಇದ್ದರೂ ಗೆಲುವಿನ ಮೇಲಿನ ತೆರಿಗೆ ತಪ್ಪುವುದಿಲ್ಲ.

ಆದ್ದರಿಂದ ನಮ್ಮ ಮನೆಯ ಬಜೆಟ್ಟಿನಲ್ಲಿ ಸೀಸನ್ ಟಿಕೆಟ್ 'ಮನರಂಜನೆ' ಎಂಬ ತಲೆಬರಹದಡಿ, ಓಟಿಟಿ ಚಂದಾ ಮತ್ತು ನಾಟಕದ ಟಿಕೆಟ್ಟಿನ ಜೊತೆ ಇದೆ. ಪಂತದ ಹಣ ಬೇರೆ, ಅದು ನಗದು, ಸೀಸನ್ ಶುರುವಾಗುವಾಗ ಒಂದು ಕವರಿನಲ್ಲಿ ಹಾಕಿಟ್ಟದ್ದು. ಕವರ್ ಖಾಲಿಯಾದರೆ ಸೀಸನ್ ಮುಗಿಯಿತೆಂದಲ್ಲ, ಪಂತ ಮುಗಿಯಿತು. ಟಿಕೆಟ್ ಇನ್ನೂ ಇದೆ, ಹೋಗಿ ನೋಡಬಹುದು. ಕವರು ಖಾಲಿಯಾದ ಮೇಲೂ ಹೋಗುವ ಮನಸ್ಸಾಗುತ್ತದೆಯೇ ಎಂದು ಕೇಳಿಕೊಂಡರೆ, ನಾವು ಬಯಸುತ್ತಿರುವುದು ಕುದುರೆಯನ್ನೋ ಪಂತವನ್ನೋ ಎಂಬುದು ಯಾರೂ ಹೇಳಿಕೊಡದೆ ಗೊತ್ತಾಗುತ್ತದೆ. ಹೋಗಲು ಮನಸ್ಸೇ ಬರದಿದ್ದವರು ಮುಂದಿನ ವರ್ಷ ಟಿಕೆಟ್ಟನ್ನೂ ಕೊಳ್ಳಬಾರದು, ಕವರನ್ನೂ ತುಂಬಬಾರದು. ಸಾಲ ಮಾಡಿ, ಕ್ರೆಡಿಟ್ ಕಾರ್ಡ್ ಉಜ್ಜಿ ಆಡುವವರಿಗೆ ಯಾವ ಟಿಕೆಟ್ಟೂ ಅಗ್ಗವಲ್ಲ. ಅವರಿಗೆ ಬೇಕಾದದ್ದು ಮನೆಯವರ ಮುಂದೆ ಕೂತು ಮಾತಾಡುವುದು.

ಕೊಳ್ಳುವ ಮುನ್ನ ಕೌಂಟರಿನಲ್ಲಿ ನಾಚಿಕೆಪಡದೆ ಕೇಳಬೇಕಾದ ಕೆಲವು ವಿಷಯಗಳಿವೆ. ಡರ್ಬಿ ದಿನಕ್ಕೂ ಇದೇ ಟಿಕೆಟ್ ನಡೆಯುತ್ತದೆಯೇ ಎಂಬುದು ಮೊದಲನೆಯದು, ಏಕೆಂದರೆ ಬೇಸಿಗೆಯಲ್ಲಾಗಲಿ ಚಳಿಗಾಲದಲ್ಲಾಗಲಿ ಜನ ಕಿಕ್ಕಿರಿಯುವುದು ಆ ದಿನವೇ. ಯಾವ ಸ್ಟ್ಯಾಂಡಿಗೆ ಪ್ರವೇಶ, ನನ್ನ ಬದಲು ತಮ್ಮನನ್ನು ಕಳಿಸಬಹುದೇ, ಇಲ್ಲಿ ಓಟವಿಲ್ಲದೆ ಬರೀ ಬೇರೆ ಊರಿನ ಪಂತ ನಡೆಯುವ ದಿನಗಳನ್ನೂ ಸೇರಿಸಿ 'ಇಷ್ಟು ದಿನ' ಎಂದು ಹೇಳುತ್ತಿದ್ದಾರೆಯೇ? ಸೇರಿಸಿದ್ದರೆ ಆ ದಿನಗಳನ್ನು ನಿಮ್ಮ ಭಾಗಾಕಾರದಿಂದ ತೆಗೆದುಬಿಡಿ. ಇನ್ನು, ಸೀಸನ್ ನಡುವೆಯೇ ನಿಂತರೆ ಹಣದ ಗತಿ ಏನು ಎಂಬುದು. ಇದು ಬರೀ ಊಹೆಯಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ದೇಶದಾದ್ಯಂತ ರೇಸು ನಿಂತಿತು. 2024ರ ಜೂನ್‌ನಲ್ಲಿ ಪರವಾನಗಿಯ ವ್ಯಾಜ್ಯ ಹೈಕೋರ್ಟ್ ಮೆಟ್ಟಿಲೇರಿ ಬೆಂಗಳೂರಿನಲ್ಲಿ ಕುದುರೆಗಳು ಲಾಯದಲ್ಲೇ ಉಳಿದವು. ಹಣ ವಾಪಸಾತಿಯ ನಿಯಮ ರಸೀದಿಯ ಹಿಂದೆ ಸಣ್ಣಕ್ಷರದಲ್ಲಿ ಇದ್ದರೂ ಕನ್ನಡಕ ಹಾಕಿಕೊಂಡು ಓದಿ.

ಮೈಸೂರಿಗೆ ಮಾತ್ರ ನಾನು ಸೀಸನ್ ಟಿಕೆಟ್ಟಿನ ಯೋಚನೆಯನ್ನೇ ಮಾಡುವುದಿಲ್ಲ. 1891ರ ಹಳೆಯ ಕ್ಲಬ್, ಓಡುವ ಕುದುರೆಗಳ ಹಿಂದೆ ಚಾಮುಂಡಿ ಬೆಟ್ಟ, ದೇಶದಲ್ಲಿ ಇಷ್ಟು ಚೆಂದದ ರೇಸ್ ಕೋರ್ಸ್ ಇನ್ನೊಂದಿಲ್ಲ ಎಂದು ನಾನು ಯಾರ ಜೊತೆ ಬೇಕಾದರೂ ವಾದ ಮಾಡುತ್ತೇನೆ. ಆದರೆ ಬೆಂಗಳೂರಿನಿಂದ ಹೋಗುವವನಿಗೆ ಅದು ವರ್ಷಕ್ಕೆ ಅಪರೂಪದ ಪ್ರವಾಸ. ದಸರೆಯ ಆಸುಪಾಸಿನಲ್ಲಿ ರೂಮಿನ ಬಾಡಿಗೆ, ರೈಲು, ಆಟೋ, ಊಟ ಎಲ್ಲ ಕೂಡಿಸಿದರೆ ಗೇಟಿನ ಟಿಕೆಟ್ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಉಳಿಸಬೇಕಾದದ್ದು ರೂಮಿನಲ್ಲಿ. ಬೆಳಗಿನ ರೈಲಿಗೆ ಹೋಗಿ ರಾತ್ರಿಯ ರೈಲಿಗೆ ವಾಪಸ್ ಬರುತ್ತೇನೆ, ದಿನದ ಟಿಕೆಟ್ಟನ್ನೇ ಕೊಳ್ಳುತ್ತೇನೆ.