ಅಪಘಾತದ ನಂತರ: ಗಾಯಕ್ಕೆ ವೈದ್ಯರು, ಪರಿಹಾರಕ್ಕೆ ವಕೀಲರು

ಕೆಲವು ವರ್ಷಗಳ ಹಿಂದಿನ ಮಾತು. ಸಂಜೆ ಏಳರ ಸುಮಾರಿಗೆ ಇಪ್ಪತ್ತೆಂಟು ವರ್ಷದ ಗೌಂಡಿಯೊಬ್ಬನನ್ನು ನನ್ನ ದವಾಖಾನೆಗೆ ಹೊತ್ತು ತಂದರು. ಬಲಗಾಲಿನ ಮೊಣಕಾಲ ಕೆಳಗಿನ ಎಲುಬು ಮುರಿದಿತ್ತು. ಏನಾಯಿತೆಂದು ಕೇಳಿದೆ. ಜೊತೆಗಿದ್ದ ಅಣ್ಣ, "ಗಾಡಿ ಜಾರಿ ಬಿದ್ದಾನ್ರೀ ಸಾಹೇಬ್ರ" ಎಂದ. ನಾನು ಅದನ್ನೇ ಚೀಟಿಯಲ್ಲಿ ಬರೆದು, ಕಾಲಿಗೆ ಪಟ್ಟಿ ಆಸರೆ ಕಟ್ಟಿ, ಕಲಬುರಗಿಗೆ ಕಳಿಸಿದೆ. ಅಲ್ಲಿ ಎಲುಬಿಗೆ ರಾಡ್ ಹಾಕಿದರು.

ನಡೆದದ್ದೇ ಬೇರೆ. ಹಿಂದಿನಿಂದ ಬಂದ ಟಂಟಂ ಒಂದು ಅವನಿಗೆ ಗುದ್ದಿತ್ತು. ಟಂಟಂ ಮಾಲೀಕ ಅದೇ ಊರಿನವ, ದೂರದ ಸಂಬಂಧಿ. "ಪೊಲೀಸ್ ಗಿಲೀಸ್ ಬ್ಯಾಡ, ದವಾಖಾನಿ ಖರ್ಚು ನಾ ಕೊಡ್ತೀನಿ" ಎಂದಿದ್ದನಂತೆ. ಸ್ವಲ್ಪ ಹಣ ಕೊಟ್ಟು ಕೈ ಎತ್ತಿದ. ಎರಡು ತಿಂಗಳ ಮೇಲೆ ದೂರು ದಾಖಲಾಯಿತು, ಪರಿಹಾರದ ಅರ್ಜಿಯೂ ಹೋಯಿತು. ಆದರೆ ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರು ನನ್ನ ಚೀಟಿಯನ್ನೇ ಓದಿ ಹೇಳಿದರು: "ಗಾಡಿ ಜಾರಿ ಬಿದ್ದದ್ದು." ಅರ್ಜಿ ವಜಾ ಆಯಿತು. ಆ ಯುವಕನ ಕಾಲು ಈಗ ಒಂದು ಇಂಚು ಗಿಡ್ಡ. ಎತ್ತರಕ್ಕೆ ಏರಿ ಗೋಡೆ ಕಟ್ಟುತ್ತಿದ್ದವನು ಕೆಳಗೆ ನಿಂತು ಸಿಮೆಂಟು ಕಲಸುತ್ತಾನೆ, ಕೂಲಿ ಅರ್ಧ.

ಅಣ್ಣ ಸುಳ್ಳು ಹೇಳಿದ್ದು ತಪ್ಪು. ಗಾಯ ನೋಡಿಯೂ ಇನ್ನೆರಡು ಪ್ರಶ್ನೆ ಕೇಳದೆ, ಪ್ರಜ್ಞೆಯಲ್ಲಿದ್ದ ರೋಗಿಯನ್ನೇ ವಿಚಾರಿಸದೆ ಬರೆದದ್ದು ನನ್ನ ತಪ್ಪು. ಅಂದಿನಿಂದ ನಾನು ಕಲಿತದ್ದನ್ನು ಓದುಗರಿಗೆ ಹೇಳುವುದು ಈ ವಾರದ ಉದ್ದೇಶ. ಅಪಘಾತದ ಗಾಯಕ್ಕೆ ಎರಡು ಬಗೆಯ ಚಿಕಿತ್ಸೆ ಬೇಕು. ಒಂದು ದೇಹಕ್ಕೆ, ಇನ್ನೊಂದು ಕೆಟ್ಟುಹೋದ ದುಡಿಮೆಗೆ. ಎರಡೂ ಆಸ್ಪತ್ರೆಯ ಮೊದಲ ಹಾಳೆಯಿಂದಲೇ ಆರಂಭವಾಗುತ್ತವೆ.

ಮೊದಲು ಜೀವ

ಅಪಘಾತ ಕಂಡ ಕೂಡಲೇ 108ಕ್ಕೆ ಇಲ್ಲವೇ 112ಕ್ಕೆ ಫೋನ್ ಮಾಡಿ. ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕುತ್ತಿಗೆ, ಬೆನ್ನಿಗೆ ಪೆಟ್ಟಾದ ಅನುಮಾನವಿದ್ದರೆ ಕೈಕಾಲು ಹಿಡಿದು ಎತ್ತಬೇಡಿ. ದೇಹ ಬಾಗದಂತೆ ಹಲಗೆಯ ಮೇಲೆ ಸಾಗಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ತಲೆಗೆ ಪೆಟ್ಟು ಬಿದ್ದವರು ಮೊದಲು ಚೆನ್ನಾಗಿ ಮಾತನಾಡಿ, ಕೆಲ ಗಂಟೆಗಳ ನಂತರ ವಾಂತಿ, ಮಂಪರು, ಹೆಚ್ಚುವ ತಲೆನೋವು ತೋರಿಸಿದರೆ ಒಂದು ನಿಮಿಷವೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಪೊಲೀಸು, ಸಾಕ್ಷಿ ಎಂಬ ಭಯದಿಂದ ಹಿಂದೆ ಸರಿಯಬೇಕಾಗಿಲ್ಲ. ಗಾಯಾಳುವಿಗೆ ನೆರವಾದವರಿಗೆ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ ರಕ್ಷಣೆ ಕೊಟ್ಟಿದೆ. ಕರ್ನಾಟಕದಲ್ಲಿ ಅದಕ್ಕೆಂದೇ ಪ್ರತ್ಯೇಕ ಕಾನೂನೂ ಇದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯ ಪ್ರಕಾರ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, ರೂ. 1.5 ಲಕ್ಷದವರೆಗೆ ನಗದಿಲ್ಲದೆ ಚಿಕಿತ್ಸೆ ದೊರೆಯುತ್ತದೆ. ಆಸ್ಪತ್ರೆಗೆ ಹೋದ ಕೂಡಲೇ ಇದನ್ನು ಕೇಳಿ.

ಮೊದಲ ಹಾಳೆಯ ಬೆಲೆ

ಅಪಘಾತದ ಗಾಯಾಳು ಬಂದಾಗ ಆಸ್ಪತ್ರೆಯವರು ಎಂಎಲ್‌ಸಿ ಎಂಬ ದಾಖಲೆ ಮಾಡಿ ಪೊಲೀಸರಿಗೆ ತಿಳಿಸುತ್ತಾರೆ. ಗಾಯ ಹೇಗಾಯಿತು, ಎಷ್ಟು ಗಂಟೆಗೆ, ಎಲ್ಲಿ, ಯಾವ ವಾಹನದಿಂದ, ಕರೆತಂದವರು ಯಾರು ಎಂಬುದನ್ನು ಅಲ್ಲಿ ಬರೆಯುತ್ತಾರೆ. ಇದನ್ನು ಬರೆಯುವಾಗ ವಕೀಲರೂ ಇರುವುದಿಲ್ಲ, ವಿಮಾ ಕಂಪನಿಯೂ ಇರುವುದಿಲ್ಲ. ಆದ್ದರಿಂದಲೇ ನ್ಯಾಯಾಲಯ ಇದಕ್ಕೆ ಹೆಚ್ಚು ತೂಕ ಕೊಡುತ್ತದೆ. ಇದ್ದದ್ದನ್ನು ಇದ್ದಹಾಗೆ ಹೇಳಿ. ವಾಹನದ ನಂಬರು ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಸಿ. ವಿಮೆ ಇರುವ ಬೇರೊಂದು ವಾಹನವನ್ನು ನಂತರ ತಂದು ನಿಲ್ಲಿಸುವುದು ಅಪರಾಧ. ನಿಜವಾದ ಗಾಯಾಳುವಿನ ಹಕ್ಕನ್ನೂ ಅದು ಕೆಡಿಸುತ್ತದೆ.

ನಮ್ಮ ಹಳ್ಳಿಗಳಲ್ಲಿ ಎಲುಬು ಮುರಿದರೆ ನೇರವಾಗಿ ನಾಟಿ ಕಟ್ಟು ಹಾಕುವವರ ಬಳಿ ಹೋಗುವ ರೂಢಿ ಇನ್ನೂ ಇದೆ. ಅಲ್ಲಿ ಎಕ್ಸ್-ರೇ ಇಲ್ಲ, ಕಾಗದವಿಲ್ಲ. ಎಲುಬು ಸೊಟ್ಟ ಕೂಡಿದರೆ ಕಾಲೂ ಹೋಯಿತು, ಪುರಾವೆಯೂ ಹೋಯಿತು.

ವಕೀಲರ ಕೆಲಸವೇನು?

"ವಕೀಲರ ಹತ್ರ ಹೋದ್ರ ರೊಕ್ಕ ಬರ್ತದಂತ" ಎಂದು ಕೇಳುವವರು ಬಹಳ. ಹಣ ತಂದುಕೊಡುವುದು ಮಾತ್ರ ಅವರ ಕೆಲಸವೆಂದು ತಿಳಿಯಬೇಡಿ. ವೈದ್ಯರು ಗಾಯವನ್ನು ಪರೀಕ್ಷಿಸಿದಂತೆ, ಅವರು ಆ ಗಾಯದಿಂದಾದ ನಷ್ಟವನ್ನು ಪರೀಕ್ಷಿಸಿ ಅದಕ್ಕೆ ಪುರಾವೆ ಒದಗಿಸುತ್ತಾರೆ.

ಮೊದಲನೆಯದಾಗಿ, ಎಫ್‌ಐಆರ್, ಪಂಚನಾಮೆ, ಗಾಯದ ಪ್ರಮಾಣಪತ್ರ, ವಾಹನದ ನೋಂದಣಿ, ವಿಮಾ ಪಾಲಿಸಿ, ಚಾಲಕನ ಲೈಸೆನ್ಸು ಇವುಗಳನ್ನು ಸಂಗ್ರಹಿಸುತ್ತಾರೆ. ಎರಡನೆಯದಾಗಿ, ಯಾರ ಮೇಲೆ ಅರ್ಜಿ ಹಾಕಬೇಕೆಂದು ನಿರ್ಧರಿಸುತ್ತಾರೆ. 2023ರ ಜೂನ್ 6ರಂದು ನಮ್ಮ ಜಿಲ್ಲೆಯ ಬಳಿಚಕ್ರದ ಬಳಿ ನಿಂತಿದ್ದ ಲಾರಿಗೆ ಕ್ರೂಸರ್ ಗುದ್ದಿ, ಆಂಧ್ರದ ನಂದ್ಯಾಲ ಜಿಲ್ಲೆಯಿಂದ ಕಲಬುರಗಿಯ ಉರುಸಿಗೆ ಹೊರಟಿದ್ದ ಐವರು ಸತ್ತದ್ದು ಓದುಗರಿಗೆ ನೆನಪಿರಬಹುದು. ಇಂಥ ಡಿಕ್ಕಿಯಲ್ಲಿ ಓಡುತ್ತಿದ್ದ ವಾಹನದ ತಪ್ಪೆಷ್ಟು, ನಿಂತಿದ್ದ ವಾಹನದ ತಪ್ಪೆಷ್ಟು ಎಂಬ ಪ್ರಶ್ನೆ ಏಳುತ್ತದೆ. ಆಗ ಎರಡೂ ವಾಹನಗಳ ಮಾಲೀಕರನ್ನೂ ವಿಮಾ ಕಂಪನಿಗಳನ್ನೂ ಸೇರಿಸಬೇಕಾಗುತ್ತದೆ. ಒಳಗೆ ಕುಳಿತಿದ್ದ ಪ್ರಯಾಣಿಕರು ಚಾಲಕರ ತಪ್ಪಿಗೆ ಹೊಣೆಯಲ್ಲ. ಅಪಘಾತ ಎಲ್ಲಿ ಆದರೂ ಗಾಯಾಳು ತಾನು ವಾಸಿಸುವ ಕಡೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು ಎಂಬುದೂ ಗೊತ್ತಿರಲಿ.

ಮೂರನೆಯದಾಗಿ, ಚಿಕಿತ್ಸೆ ಕೊಟ್ಟ ವೈದ್ಯರನ್ನು ಕರೆಸಿ ಸಾಕ್ಷ್ಯ ಹೇಳಿಸುತ್ತಾರೆ. ನಾಲ್ಕನೆಯದಾಗಿ, ಆಸ್ಪತ್ರೆ ಖರ್ಚು, ಜೊತೆಗಿದ್ದವರ ಊಟ-ಓಡಾಟ, ಕೆಲಸವಿಲ್ಲದ ತಿಂಗಳುಗಳ ಕೂಲಿ, ನೋವು, ಮುಂದಿನ ಶಸ್ತ್ರಚಿಕಿತ್ಸೆ, ಮುಂದಿನ ದುಡಿಮೆಯ ನಷ್ಟ ಎಂದು ಬಿಡಿಬಿಡಿಯಾಗಿ ಲೆಕ್ಕ ಕೊಡುತ್ತಾರೆ. ಹಾಕಿದ ರಾಡನ್ನು ಮುಂದೆ ತೆಗೆಸಬೇಕಿದ್ದರೆ ಅದರ ಖರ್ಚನ್ನೂ ಈಗಲೇ ಕೇಳಬೇಕು. ಇದನ್ನು ವೈದ್ಯರಿಂದ ಬರೆಸಿಕೊಳ್ಳಲು ಮರೆಯುವವರೇ ಹೆಚ್ಚು.

ಊನ ಬೇರೆ, ನಷ್ಟ ಬೇರೆ

ಶಾಶ್ವತ ಊನ ಎಷ್ಟೆಂಬುದನ್ನು ವೈದ್ಯರು ಶೇಕಡಾವಾರಿನಲ್ಲಿ ಹೇಳುತ್ತಾರೆ. ಅದರಿಂದ ದುಡಿಮೆ ಎಷ್ಟು ಕುಂದಿತೆಂಬುದನ್ನು ತೀರ್ಮಾನಿಸುವುದು ನ್ಯಾಯಮಂಡಳಿ. 2010ರ ರಾಜಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರಿಸಿತು. ಎಡಗೈ ಕಳೆದುಕೊಂಡ ಬಡಗಿಯ ಅಥವಾ ಚಾಲಕನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ನಿಲ್ಲಬಹುದು. ಅದೇ ಗಾಯವಾದ ಸರ್ಕಾರಿ ಗುಮಾಸ್ತನ ಸಂಬಳ ಹಾಗೆಯೇ ಮುಂದುವರಿಯಬಹುದು.

ಒಂದು ಉದಾಹರಣೆ ನೋಡೋಣ. ಗೌಂಡಿಯ ವಯಸ್ಸು 28, ತಿಂಗಳ ದುಡಿಮೆ ರೂ. 12,000 ಎಂದಿಟ್ಟುಕೊಳ್ಳಿ. ವರ್ಷಕ್ಕೆ ರೂ. 1,44,000. 2009ರ ಸರಳಾ ವರ್ಮಾ ತೀರ್ಪಿನಂತೆ 26ರಿಂದ 30 ವಯಸ್ಸಿನವರಿಗೆ ಗುಣಕ 17. ಗುಣಿಸಿದರೆ ರೂ. 24,48,000. ಇಡೀ ದೇಹದ ಲೆಕ್ಕದಲ್ಲಿ ಊನ ಶೇ. 10 ಎಂದು ಅಷ್ಟಕ್ಕೇ ಬಿಟ್ಟರೆ ದುಡಿಮೆಯ ನಷ್ಟ ರೂ. 2,44,800. ಎತ್ತರಕ್ಕೆ ಏರಲಾರದ, ಭಾರ ಹೊರಲಾರದ ಗೌಂಡಿಯ ದುಡಿಮೆ ಶೇ. 30 ಕುಂದಿದೆ ಎಂದು ಸಾಬೀತಾದರೆ ಅದೇ ಕಾಲಿಗೆ ರೂ. 7,34,400. ಒಳ್ಳೆಯ ವಕೀಲರು ಇರುವುದು ಈ ವ್ಯತ್ಯಾಸ ತೋರಿಸಲಿಕ್ಕೆ. ಆದ್ದರಿಂದ ನಿಮ್ಮ ಕಸುಬೇನು, ಯಾವ ಕೆಲಸ ಈಗ ಆಗುವುದಿಲ್ಲ ಎಂಬುದನ್ನು ವೈದ್ಯರಿಗೂ ವಕೀಲರಿಗೂ ವಿವರವಾಗಿ ಹೇಳಿ. ಊನದ ಪ್ರಮಾಣಪತ್ರವನ್ನು ಚಿಕಿತ್ಸೆ ಮುಗಿದು ಗಾಯ ಒಂದು ನೆಲೆಗೆ ಬಂದ ಮೇಲೆ, ಸಾಧ್ಯವಾದರೆ ಚಿಕಿತ್ಸೆ ಕೊಟ್ಟ ವೈದ್ಯರಿಂದಲೇ ಪಡೆಯಿರಿ. ಕಾಸು ಕೊಟ್ಟು ಹೆಚ್ಚಿನ ಶೇಕಡಾ ಬರೆಸಿದ ಪತ್ರ ಪಾಟೀಸವಾಲಿನಲ್ಲಿ ಉಳಿಯುವುದಿಲ್ಲ.

ಟಂಟಂ, ಟ್ರ್ಯಾಕ್ಟರ್, ಟೆಂಪೋ

ಹತ್ತಿ ಬಿಡಿಸಲು, ಕಳೆ ತೆಗೆಯಲು ನಮ್ಮ ಹೆಣ್ಣುಮಕ್ಕಳು ಸರಕು ವಾಹನಗಳಲ್ಲಿ ತುಂಬಿಕೊಂಡು ಹೋಗುತ್ತಾರೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ಆ ವಾಹನದ ವಿಮಾ ಕಂಪನಿ ಕಡ್ಡಾಯವಾಗಿ ಹೊಣೆಯಲ್ಲ ಎಂದು 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆಗ ಹೊಣೆ ಮಾಲೀಕನ ಮೇಲೆ ಬೀಳುತ್ತದೆ. ಬಡ ಮಾಲೀಕನಿಂದ ವಸೂಲಿ ಕಷ್ಟ. ಸ್ವಂತ ಸರಕಿನ ಜೊತೆ ಹೊರಟವರ, ಮಾಲೀಕನ ಕೂಲಿಯವರ ವಿಚಾರ ಬೇರೆ. ಇನ್ನೊಂದು ವಾಹನದ ತಪ್ಪಿನಿಂದ ಅಪಘಾತವಾಗಿದ್ದರೆ ಅದರ ವಿಮಾ ಕಂಪನಿಯನ್ನು ಕೇಳಬಹುದು. ಯಾರು ಯಾವ ಕಾರಣಕ್ಕೆ ವಾಹನದಲ್ಲಿದ್ದರು ಎಂಬುದನ್ನು ವಕೀಲರಿಗೆ ಸರಿಯಾಗಿ ತಿಳಿಸಿ. ಎಲ್ಲಕ್ಕಿಂತ ಮೊದಲು, ಹತ್ತುವ ಮುನ್ನ ಯೋಚಿಸಿ.

ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಬೇರೊಂದು ಯೋಜನೆ ಇದೆ. 2022ರ ಏಪ್ರಿಲ್ 1ರಿಂದ ಸಾವಿಗೆ ರೂ. 2 ಲಕ್ಷ, ತೀವ್ರ ಗಾಯಕ್ಕೆ ರೂ. 50,000 ಕೊಡುತ್ತಾರೆ. ಇದಕ್ಕೆ ಉಪವಿಭಾಗದ ಅಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ. ವಾಹನ ಗೊತ್ತಿದ್ದು ತಪ್ಪು ಯಾರದೆಂದು ಸಾಬೀತು ಮಾಡುವುದು ಕಷ್ಟವಾದರೆ, ತಪ್ಪಿನ ಪ್ರಶ್ನೆಯೇ ಇಲ್ಲದೆ ಸಾವಿಗೆ ರೂ. 5 ಲಕ್ಷ, ತೀವ್ರ ಗಾಯಕ್ಕೆ ರೂ. 2.5 ಲಕ್ಷ ಪಡೆಯುವ ದಾರಿಯೂ ಇದೆ. ಆದರೆ ಅದನ್ನು ಸ್ವೀಕರಿಸಿದರೆ ಹೆಚ್ಚಿನ ಪರಿಹಾರದ ಅರ್ಜಿ ಬಿದ್ದುಹೋಗುತ್ತದೆ. ವಕೀಲರನ್ನು ಕೇಳದೆ ಒಪ್ಪಬೇಡಿ.

ಗಡುವು ಮತ್ತು ಶುಲ್ಕ

2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಗಡುವಿನ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಹೋಗಿದೆ. ಆದರೂ ಆರು ತಿಂಗಳೊಳಗೆ ಹಾಕುವುದೇ ಕ್ಷೇಮ.

ಅಮೆರಿಕದಲ್ಲಿ ಗೆದ್ದ ಹಣದಲ್ಲಿ ಪಾಲು ಪಡೆಯುವ ಒಪ್ಪಂದದ ಮೇಲೆ ವಕೀಲರು ಇಂಥ ಪ್ರಕರಣ ನಡೆಸುತ್ತಾರೆ. ನಮ್ಮಲ್ಲಿ ಭಾರತೀಯ ವಕೀಲರ ಪರಿಷತ್ತಿನ ನಿಯಮ ಇದನ್ನು ನಿಷೇಧಿಸಿದೆ. ವಕೀಲರು ಪ್ರಕರಣಕ್ಕಾಗಿ ಗಿರಾಕಿ ಹುಡುಕುವುದೂ ನಿಷಿದ್ಧ. ಆಸ್ಪತ್ರೆಯ ಬಾಗಿಲಲ್ಲಿ ನಿಂತು "ಅರ್ಧ ನಮಗ, ಅರ್ಧ ನಿಮಗ" ಎನ್ನುವ ಮಧ್ಯವರ್ತಿಯನ್ನು ನಂಬಬೇಡಿ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು. ತಾಲ್ಲೂಕು ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಫೋನ್ ಸಂಖ್ಯೆ 15100.

ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ. ಆದರೆ ಅದರ ಮೇಲೆ ಅಪೀಲು ಇಲ್ಲ. ಚಿಕಿತ್ಸೆ ಬಾಕಿ ಇರುವಾಗ ಆತುರದ ರಾಜಿ ಬೇಡ.

ಒಂದು ಚೀಲದಲ್ಲಿ ಕೂಡಿಡಿ

1. ಮೊದಲು ತೋರಿಸಿದ ದವಾಖಾನೆಯ ಚೀಟಿ, ಎಂಎಲ್‌ಸಿ ಸಂಖ್ಯೆ.
2. ಎಕ್ಸ್-ರೇ, ಸ್ಕ್ಯಾನ್, ಡಿಸ್ಚಾರ್ಜ್ ಕಾರ್ಡು.
3. ಔಷಧಿ ಅಂಗಡಿಯ, ಆಂಬುಲೆನ್ಸಿನ, ಬಾಡಿಗೆ ವಾಹನದ ರಸೀದಿಗಳು.
4. ಎಫ್‌ಐಆರ್ ಪ್ರತಿ.
5. ದುಡಿಮೆಯ ಪುರಾವೆ: ಕೂಲಿ ಪಟ್ಟಿ, ಬ್ಯಾಂಕ್ ಪುಸ್ತಕ, ಕಾರ್ಮಿಕ ಕಾರ್ಡು.
6. ವಯಸ್ಸಿನ ದಾಖಲೆ.

ವಕೀಲರಿಗೆ ನಕಲು ಕೊಟ್ಟು ಅಸಲು ಇಟ್ಟುಕೊಳ್ಳಿ. ಅಸಲನ್ನೇ ನ್ಯಾಯಮಂಡಳಿಗೆ ಕೊಡಬೇಕಾದಾಗ ನಕಲು ನಿಮ್ಮಲ್ಲಿರಲಿ.

ಈಗ ನಾನು ಅಪಘಾತದ ರೋಗಿ ಬಂದರೆ ಜೊತೆಯವರನ್ನು ಸ್ವಲ್ಪ ಹೊರಗೆ ನಿಲ್ಲಿಸಿ, ಪ್ರಜ್ಞೆಯಿದ್ದರೆ ಅವರನ್ನೇ ಕೇಳುತ್ತೇನೆ: "ಏನಾಯ್ತು, ನೀನೇ ಹೇಳು." ಆಮೇಲೆ ಬರೆಯುತ್ತೇನೆ. ನಿಮ್ಮ ಮನೆಯವರಿಗೆ ಇಂಥ ಪ್ರಸಂಗ ಬಾರದಿರಲಿ. ಬಂದರೆ ವೈದ್ಯರು ಕೇಳುವವರೆಗೆ ಕಾಯಬೇಡಿ. ನಿಜವನ್ನು ನೀವೇ ಹೇಳಿ, ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.