ಗ್ರಾಹಕರು ಕೊಟ್ಟ ವಿವರ, ವರ್ತಕರ ಹೊಣೆ
(ಗ್ರಾಹಕ ಸಂರಕ್ಷಣಾ ಕಾನೂನು: ಒಂದು ಅಧ್ಯಯನ)

ಮುಂಗಾರು ಹಿಡಿದು ನಾಲೆಗೆ ನೀರು ಬಿಟ್ಟೊಡನೆ ಸಾಲಿಗ್ರಾಮದ ರಸಗೊಬ್ಬರದ ಅಂಗಡಿಗಳ ಮುಂದೆ ರೈತರ ಸಾಲು ಬೆಳೆಯುತ್ತದೆ. ಯೂರಿಯಾ ಚೀಲ ಪಡೆಯಲು ರೈತನು ತನ್ನ ಆಧಾರ್ ಸಂಖ್ಯೆಯನ್ನು ಹೇಳಿ, ಪಿ.ಒ.ಎಸ್. ಯಂತ್ರದ ಮೇಲೆ ಬೆರಳಿಡುತ್ತಾನೆ. 2018ರ ಮಾರ್ಚ್ ವೇಳೆಗೆ ದೇಶದ ಎಲ್ಲ ರಾಜ್ಯಗಳಿಗೂ ವಿಸ್ತರಿಸಿದ ಈ ವ್ಯವಸ್ಥೆಯ ಉದ್ದೇಶ ಸರಳವಾದುದು. ಗೊಬ್ಬರವು ನಿಜವಾದ ಖರೀದಿದಾರನಿಗೆ ಮಾರಾಟವಾಯಿತೆಂದು ದಾಖಲಾದ ಮೇಲೆ ಕಂಪನಿಗೆ ಸಹಾಯಧನ ಸಂದಾಯವಾಗಬೇಕು. ಯಂತ್ರದ ಕೆಲಸ ಅಲ್ಲಿಗೆ ಮುಗಿಯುತ್ತದೆ. ಆದರೆ ಅಂಗಡಿಯ ಪುಸ್ತಕದಲ್ಲಿ ರೈತನ ಹೆಸರು, ಊರು, ಮೊಬೈಲ್ ಸಂಖ್ಯೆ, ಕೊಂಡ ಚೀಲಗಳ ಲೆಕ್ಕ, ಉದ್ರಿ ಬಾಕಿ ಎಲ್ಲವೂ ಉಳಿದಿರುತ್ತವೆ.

ಇಂತಹ ಒಂದು ಅಂಗಡಿಗೆ ಪರಿಚಯದ ಸಾಲದ ಏಜೆಂಟರೊಬ್ಬರು ಬಂದು ಪುಸ್ತಕವನ್ನು ಕೇಳಿದರೆಂದು ಭಾವಿಸಬಹುದು. ಮಾಲೀಕರು ತೋರಿಸಿದರು, ಏಜೆಂಟರು ಮೊಬೈಲಿನಲ್ಲಿ ನಾಲ್ಕಾರು ಪುಟಗಳ ಚಿತ್ರ ತೆಗೆದುಕೊಂಡರು. ಮುಂದಿನ ವಾರದಿಂದ ರೈತರಿಗೆ ಟ್ರ್ಯಾಕ್ಟರ್ ಸಾಲದ ಕರೆಗಳು ಬರತೊಡಗಿದವು. ಕರೆ ಮಾಡಿದವರಿಗೆ ರೈತನ ಹೆಸರೂ ಗೊತ್ತು, ಊರೂ ಗೊತ್ತು, ಎಷ್ಟು ಎಕರೆಗೆ ಗೊಬ್ಬರ ಹಾಕಿದನೆಂಬ ಅಂದಾಜೂ ಗೊತ್ತು. ಮಾಲೀಕರು ತಾವು ಯಾರಿಗೂ ಮೋಸ ಮಾಡಿಲ್ಲವೆಂದೇ ನಂಬಿರುತ್ತಾರೆ. ತೂಕದಲ್ಲಿ ಕಡಿತವಿಲ್ಲ, ದರದಲ್ಲಿ ಹೆಚ್ಚಳವಿಲ್ಲ, ಸರಕಿನಲ್ಲಿ ಕಲಬೆರಕೆಯಿಲ್ಲ. ಆದರೂ ಪ್ರಸಕ್ತ ಕಾನೂನಿನ ದೃಷ್ಟಿಯಲ್ಲಿ ಅವರು ಅನುಚಿತ ವ್ಯಾಪಾರ ಪದ್ಧತಿಯನ್ನು ಅನುಸರಿಸಿದವರೆಂದು ಎಣಿಸಲ್ಪಡುವ ಸಾಧ್ಯತೆ ಬಲವಾಗಿದೆ.

ಕಾನೂನಿನ ಮಾತು

1986ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಸ್ಥಾನದಲ್ಲಿ 2019ರ ಅಧಿನಿಯಮವು 2020ರ ಜುಲೈ ತಿಂಗಳಿನಿಂದ ಜಾರಿಯಲ್ಲಿದೆ. ಇದರ ಕಲಂ 2(47)ರಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಿದೆ. ಬಿಲ್ಲು ಕೊಡದಿರುವುದು, ದೋಷಯುಕ್ತ ಸರಕನ್ನು ಹಿಂದಕ್ಕೆ ಪಡೆಯದಿರುವುದು ಮುಂತಾದವುಗಳ ಜೊತೆಗೆ ಒಂಬತ್ತನೆಯ ಉಪಖಂಡದಲ್ಲಿ ಹೊಸದೊಂದು ಅಂಶ ಸೇರಿದೆ. ಗ್ರಾಹಕನು ವಿಶ್ವಾಸವಿಟ್ಟು ನೀಡಿದ ವೈಯಕ್ತಿಕ ಮಾಹಿತಿಯನ್ನು, ಜಾರಿಯಲ್ಲಿರುವ ಯಾವುದಾದರೂ ಕಾನೂನಿನ ಉಪಬಂಧಕ್ಕೆ ಅನುಸಾರವಾಗಿ ಅಲ್ಲದೆ, ಬೇರೊಬ್ಬರಿಗೆ ಬಹಿರಂಗಪಡಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂಬುದು ಅದರ ಸಾರಾಂಶ.

ಈ ವಾಕ್ಯದಲ್ಲಿ ಗಮನಿಸಬೇಕಾದ ಸಂಗತಿಗಳಿವೆ. ಮೊದಲನೆಯದಾಗಿ, ಇದು ಗಣಕಯಂತ್ರಕ್ಕೆ ಸೀಮಿತವಲ್ಲ. ಕೆಂಪು ರಟ್ಟಿನ ಉದ್ರಿ ಪುಸ್ತಕಕ್ಕೂ ಇದು ಅನ್ವಯಿಸುತ್ತದೆ. ಎರಡನೆಯದಾಗಿ, ಬಹಿರಂಗಪಡಿಸುವುದಕ್ಕೆ ಹಣ ಪಡೆದಿರಬೇಕೆಂಬ ಷರತ್ತು ಇಲ್ಲ. ಸ್ನೇಹಕ್ಕಾಗಿ ಕೊಟ್ಟರೂ ಅದು ಬಹಿರಂಗಪಡಿಸಿದಂತೆಯೇ. ಹಣ ಪಡೆದಿದ್ದರಂತೂ ಪುರಾವೆಯನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ವರ್ಷಾಂತ್ಯದ ಲೆಕ್ಕದಲ್ಲಿ "ಕಮಿಷನ್ ಸ್ವೀಕೃತಿ" ಎಂಬ ಖಾತೆಯೇ ಅದನ್ನು ಹೇಳುತ್ತದೆ. ಖಾತೆಗೆ ತಾರದೆ ಮುಚ್ಚಿಟ್ಟರೆ ಆದಾಯ ತೆರಿಗೆಯ ತೊಡಕು ಪ್ರತ್ಯೇಕವಾಗಿ ಕಾದಿರುತ್ತದೆ.

"ವಿಶ್ವಾಸವಿಟ್ಟು ನೀಡಿದ" ಎಂಬ ಪದಗಳ ಮೇಲೆ ವಾದಕ್ಕೆ ಅವಕಾಶವುಂಟು. ರೈತನು ತನ್ನ ಮೊಬೈಲ್ ಸಂಖ್ಯೆಯನ್ನು ಹತ್ತು ಜನರೆದುರು ಗಟ್ಟಿಯಾಗಿ ಹೇಳಿದ, ಅದರಲ್ಲಿ ಗುಟ್ಟೇನು ಬಂತು ಎಂದು ಕೇಳಬಹುದು. ಈ ವಾದವನ್ನು ನೆಚ್ಚಿಕೊಳ್ಳುವುದು ವಿವೇಕವಲ್ಲ. ಸಂಖ್ಯೆಯನ್ನು ಆತ ಕೊಟ್ಟದ್ದು ಗೊಬ್ಬರದ ಖರೀದಿಗಾಗಿ, ಲಾರಿ ಬಂದಾಗ ತಿಳಿಸಲೆಂದು ಅಥವಾ ಬಾಕಿಯ ನೆನಪಿಗಾಗಿ. ಬೇರೆಯವರ ಸಾಲದ ವ್ಯಾಪಾರಕ್ಕೆಂದು ಕೊಟ್ಟದ್ದಲ್ಲ. ಉದ್ದೇಶದ ಈ ವ್ಯತ್ಯಾಸದಲ್ಲಿಯೇ ವಂಚನೆ ಅಡಗಿರುತ್ತದೆ.

ವರ್ತಕರು ಮಾಹಿತಿಯನ್ನು ಬೇರೆಯವರಿಗೆ ಕೊಡದೆ ತಾವೇ ಬೇರೆ ಉದ್ದೇಶಕ್ಕೆ ಬಳಸಿದರೆ? ಒಂಬತ್ತನೆಯ ಉಪಖಂಡ ಅದನ್ನು ನೇರವಾಗಿ ಮುಟ್ಟುವುದಿಲ್ಲ. ಆದರೆ ಕಲಂ 2(47)ರ ಆರಂಭದ ಮಾತುಗಳು ವಿಶಾಲವಾಗಿವೆ. ಮಾರಾಟವನ್ನು ಹೆಚ್ಚಿಸುವ ಸಲುವಾಗಿ ಅನುಸರಿಸುವ ಯಾವುದೇ ಅನುಚಿತ ಅಥವಾ ಮೋಸದ ಕ್ರಮವೂ ಅದರಲ್ಲಿ ಒಳಗೊಳ್ಳುತ್ತದೆ. "ವಾರಂಟಿ ನೋಂದಣಿಗೆ ಸಂಖ್ಯೆ ಬೇಕು" ಎಂದು ಹೇಳಿ, ವಾರಂಟಿಯನ್ನು ನೋಂದಾಯಿಸದೆ ಜಾಹೀರಾತಿನ ಸಂದೇಶಗಳನ್ನಷ್ಟೇ ಕಳುಹಿಸಿದರೆ ಆ ಮಾತುಗಳಡಿ ದೂರು ನಿಲ್ಲಬಹುದು.

ಗ್ರಾಹಕರು ಯಾರು?

ಮರುಮಾರಾಟಕ್ಕೆ ಕೊಳ್ಳುವವರು ಈ ಅಧಿನಿಯಮದ ಅರ್ಥದಲ್ಲಿ ಗ್ರಾಹಕರಲ್ಲ. ಆದಕಾರಣ ಸಗಟು ವರ್ತಕರಿಗೂ ಚಿಲ್ಲರೆ ವರ್ತಕರಿಗೂ ನಡುವಿನ ತಕರಾರು ಇಲ್ಲಿಗೆ ಬಾರದು. ರೈತನು ಬೆಳೆದು ಮಾರುವವನು, ಆತ ಗ್ರಾಹಕನಲ್ಲ ಎಂಬ ಮಾತು ನಮ್ಮ ಪೇಟೆಗಳಲ್ಲಿ ಈಗಲೂ ಕೇಳಿಬರುತ್ತದೆ, ಅದು ತಪ್ಪು. ರಾಷ್ಟ್ರೀಯ ಬೀಜ ನಿಗಮದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿಯೇ ಬೀಜ ಕೊಂಡ ರೈತರು ಗ್ರಾಹಕರೆಂದು ತೀರ್ಮಾನಿಸಿದೆ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಹೊಲಿಗೆ ಯಂತ್ರ ಕೊಳ್ಳುವವರೂ, ಒಂದೇ ಆಟೋರಿಕ್ಷಾ ಕೊಂಡು ತಾವೇ ಓಡಿಸುವವರೂ ಗ್ರಾಹಕರೇ.

ಕೇಳಬಹುದಾದದ್ದು, ಕೇಳಬೇಕಾಗಿಲ್ಲದ್ದು

ಬಿಲ್ಲು ಹಾಕಲು ಮೊಬೈಲ್ ಸಂಖ್ಯೆ ಕಡ್ಡಾಯವೆಂದು ಅಂಗಡಿಗಳು ಹೇಳುತ್ತಿರುವ ಬಗ್ಗೆ ದೂರುಗಳು ಬಂದ ಮೇಲೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಮೇ ತಿಂಗಳಿನಲ್ಲಿ ಚಿಲ್ಲರೆ ಮಾರಾಟ ಕ್ಷೇತ್ರಕ್ಕೂ ವಾಣಿಜ್ಯ ಮಂಡಳಿಗಳಿಗೂ ಸಲಹಾಪತ್ರ ನೀಡಿ, ಸಂಖ್ಯೆ ಕೊಡದ ಗ್ರಾಹಕರಿಗೆ ಸೇವೆ ನಿರಾಕರಿಸಬಾರದೆಂದು ತಿಳಿಸಿತು. "ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ" ಎಂಬುದು ಸಮರ್ಥನೆಯಾಗಲಾರದು. ತಂತ್ರಾಂಶ ಒದಗಿಸಿದವರಿಗೆ ಹೇಳಿದರೆ ಆ ಅಂಕಣವನ್ನು ಐಚ್ಛಿಕವನ್ನಾಗಿ ಮಾಡಿಕೊಡುತ್ತಾರೆ.

ಜಿ.ಎಸ್.ಟಿ. ಕಾನೂನೂ ಮೊಬೈಲ್ ಸಂಖ್ಯೆಯನ್ನು ಕೇಳುವುದಿಲ್ಲ. ಅಂಗಡಿಗೆ ಬಂದು ಕೊಳ್ಳುವ ನೋಂದಣಿಯಿಲ್ಲದ ಖರೀದಿದಾರರ ಹೆಸರು, ವಿಳಾಸವನ್ನು ತೆರಿಗೆ ಬಿಲ್ಲಿನಲ್ಲಿ ಬರೆಯಬೇಕಾದದ್ದು ಸರಕಿನ ಮೌಲ್ಯ 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದಾಗ. ಅದಕ್ಕಿಂತ ಕಡಿಮೆಯಾದರೆ ಖರೀದಿದಾರರು ಬಯಸಿದಲ್ಲಿ ಮಾತ್ರ. ಆದಾಯ ತೆರಿಗೆ ನಿಯಮಗಳು ನಿಗದಿಪಡಿಸಿದ ಮೊತ್ತವನ್ನು ಮೀರಿದ ವ್ಯವಹಾರಗಳಲ್ಲಿ ಪ್ಯಾನ್ ಕೇಳುವುದು ವರ್ತಕರ ಕರ್ತವ್ಯವೇ ಆಗಿದೆ. ಅಲ್ಲಿ ಸಂಕೋಚ ಬೇಡ. ಕಾನೂನು ಕೇಳಿದ್ದನ್ನು ಕೇಳುವುದಕ್ಕೂ ಅಭ್ಯಾಸಬಲದಿಂದ ಕೇಳುವುದಕ್ಕೂ ಇರುವ ಅಂತರವನ್ನು ಕೌಂಟರಿನಲ್ಲಿ ಕುಳಿತ ಹುಡುಗನಿಗೂ ತಿಳಿಸಿಕೊಟ್ಟಿರಬೇಕು.

ಆಧಾರ್ ವಿಷಯ ಇನ್ನೂ ಸೂಕ್ಷ್ಮವಾದುದು. ಇದರ ಹಿಂದೆ ಕರ್ನಾಟಕದವರೇ ಆದ ಒಬ್ಬ ಹಿರಿಯರ ಹೋರಾಟವಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಆಧಾರ್ ಯೋಜನೆ ಉಳಿಯಿತಾದರೂ, ಖಾಸಗಿ ಸಂಸ್ಥೆಗಳು ಒಪ್ಪಂದದ ಬಲದಿಂದ ಆಧಾರ್ ದೃಢೀಕರಣ ಕೇಳಲು ಅವಕಾಶವಿತ್ತಿದ್ದ ಕಲಂ 57ರ ಭಾಗ ರದ್ದಾಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ನಿಧನರಾದರು.

ಸಾಮಾನ್ಯ ಅಂಗಡಿಯು ಆಧಾರ್ ನಕಲು ಪ್ರತಿಯನ್ನು ಏಕೆ ಇಟ್ಟುಕೊಳ್ಳಬೇಕು? ಕಂತಿನ ಮೇಲೆ ಟಿ.ವಿ., ಮೊಬೈಲ್ ಮಾರುವವರು ಹಣಕಾಸು ಕಂಪನಿಗೆ ಕಳುಹಿಸಲು ಪಡೆಯುತ್ತಾರೆ. ಕಳುಹಿಸಿದ ಮೇಲೂ ಒಂದು ಪ್ರತಿ ಅಂಗಡಿಯ ಕಪಾಟಿನಲ್ಲಿ ಉಳಿದಿರುತ್ತದೆ. ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರೆ ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಒಂದೇ ಕಡತದಲ್ಲಿ ಇರುತ್ತವೆ. ಇದರ ಅಪಾಯವೇನೆಂಬುದನ್ನು 2023ರಲ್ಲಿ ನಮ್ಮ ರಾಜ್ಯವೇ ಕಂಡಿತು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಆಸ್ತಿ ನೋಂದಾಯಿಸಿದ್ದ ಹಲವರ ಬ್ಯಾಂಕ್ ಖಾತೆಗಳಿಂದ ಅವರಿಗೆ ತಿಳಿಯದೆಯೇ ಹಣ ಹೋಯಿತು. ಕಾವೇರಿ ಜಾಲತಾಣದಲ್ಲಿ ದೊರೆಯುತ್ತಿದ್ದ ಪತ್ರಗಳಿಂದ ಆಧಾರ್ ಸಂಖ್ಯೆಯನ್ನೂ ಬೆರಳಚ್ಚನ್ನೂ ತೆಗೆದು, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಪಡೆದಿದ್ದರು. ಆ ವ್ಯವಸ್ಥೆಯಲ್ಲಿ ಒ.ಟಿ.ಪಿ. ಬೇಕಾಗಿರಲಿಲ್ಲ. ಬಳಿಕ ಪತ್ರಗಳಲ್ಲಿ ಆ ವಿವರಗಳನ್ನು ಮರೆಮಾಡುವ ಕ್ರಮ ಕೈಗೊಳ್ಳಲಾಯಿತು. ಸರ್ಕಾರಿ ದಾಖಲೆಗೇ ಹೀಗಾದ ಮೇಲೆ ಬೀಗವಿಲ್ಲದ ಕಪಾಟಿನ ಮಾತೇನು! ಅನಿವಾರ್ಯವಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಆಧಾರ್ ಪ್ರತಿಯನ್ನು ಪಡೆದರೆ ಸಾಕು.

ಗ್ರಾಹಕರ ಪಟ್ಟಿ ಆಸ್ತಿಯೇ?

ಅಂಗಡಿಯನ್ನು ಮಾರುವಾಗ, ಪಾಲುದಾರಿಕೆ ಮುರಿದಾಗ ಗ್ರಾಹಕರ ಪಟ್ಟಿಗೆ ಬೆಲೆ ಕಟ್ಟುವುದುಂಟು. ಗುಡ್‌ವಿಲ್ ಎಂಬ ಹೆಸರಿನಲ್ಲಿ ಅದು ಲೆಕ್ಕಕ್ಕೂ ಬರುತ್ತದೆ. ಈ ಸಂಬಂಧದಲ್ಲಿ ಅಮೆರಿಕೆಯ ಟಾಯ್‌ಸ್ಮಾರ್ಟ್ ಎಂಬ ಆಟಿಕೆ ಕಂಪನಿಯ ಕಥೆ ತಿಳಿದಿರತಕ್ಕದ್ದು. ಅಂತರಜಾಲದಲ್ಲಿ ಆಟಿಕೆ ಮಾರುತ್ತಿದ್ದ ಈ ಕಂಪನಿಯು ಗ್ರಾಹಕರ ವಿವರವನ್ನು ಎಂದಿಗೂ ಮೂರನೆಯವರಿಗೆ ಕೊಡುವುದಿಲ್ಲವೆಂದು ಮಾತು ಕೊಟ್ಟಿತ್ತು. 2000ದಲ್ಲಿ ದಿವಾಳಿಯಾದಾಗ ತನ್ನ ಇತರ ಆಸ್ತಿಗಳೊಡನೆ ಗ್ರಾಹಕರ ಪಟ್ಟಿಯನ್ನೂ ಮಾರಾಟಕ್ಕಿಟ್ಟಿತು. ಆ ಪಟ್ಟಿಯಲ್ಲಿ ಮಕ್ಕಳ ವಿವರಗಳೂ ಇದ್ದವು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಕೊಟ್ಟ ಮಾತಿಗೆ ವಿರುದ್ಧವಾದ ಈ ಮಾರಾಟ ವಂಚನೆಯೆಂದು ನ್ಯಾಯಾಲಯಕ್ಕೆ ಹೋಯಿತು. ಕೊನೆಗೆ ಕಂಪನಿಯಲ್ಲಿ ಹೆಚ್ಚಿನ ಪಾಲು ಹೊಂದಿದ್ದ ಡಿಸ್ನಿಯ ಅಂಗಸಂಸ್ಥೆಯೊಂದು 50,000 ಡಾಲರ್ ತೆತ್ತು, 2001ರಲ್ಲಿ ಆ ಪಟ್ಟಿಯನ್ನು ನಾಶಪಡಿಸಲಾಯಿತು. ಸಾಲಿಗರ ಪಾಲಿಗೆ ಆಸ್ತಿಯಂತೆ ಕಂಡದ್ದು ಕೊಟ್ಟ ಮಾತಿನ ಭಾರದಿಂದ ಮಾರಲಾಗದ ವಸ್ತುವಾಗಿ ಪರಿಣಮಿಸಿತು. ಅಂಗಡಿಯನ್ನು ಮಕ್ಕಳಿಗಲ್ಲದೆ ಹೊರಗಿನವರಿಗೆ ವಹಿಸುವವರು ಉದ್ರಿ ಬಾಕಿಯ ಲೆಕ್ಕವನ್ನೂ ಫೋನ್ ನಂಬರುಗಳ ಪಟ್ಟಿಯನ್ನೂ ಬೇರೆ ಬೇರೆಯಾಗಿ ನೋಡುವುದು ಲೇಸು. ಬಾಕಿ ವಸೂಲಿಯ ಹಕ್ಕನ್ನು ವರ್ಗಾಯಿಸಬಹುದು. ಮಿಕ್ಕ ವಿವರಗಳಿಗೆ ಗ್ರಾಹಕರ ಒಪ್ಪಿಗೆ ಬೇಕು.

ಹೊಸ ಅಧಿನಿಯಮ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮಕ್ಕೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತವಾಯಿತು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆ ಅಧಿಸೂಚನೆಯಂತೆ ವರ್ತಕರ ಮೇಲಿನ ಮುಖ್ಯ ಹೊಣೆಗಳು 18 ತಿಂಗಳ ಬಳಿಕ, ಎಂದರೆ 2027ರ ಮೇ ತಿಂಗಳಿನಿಂದ ಅನ್ವಯವಾಗುತ್ತವೆ. ಮಾಹಿತಿ ಏಕೆ ಬೇಕೆಂದು ಸರಳವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಆ ತಿಳಿವಳಿಕೆಯನ್ನು ಕನ್ನಡದಲ್ಲಿಯೂ ಓದುವ ಆಯ್ಕೆ ಗ್ರಾಹಕರಿಗಿರಬೇಕು. ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದಿದ್ದರೆ, ಅಳಿಸಬೇಕು. ಸೂಕ್ತ ಭದ್ರತೆಯಿಲ್ಲದೆ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿಗಳವರೆಗೆ ಹೋಗಬಹುದು. ಅದು ಗರಿಷ್ಠ ಮಿತಿ. ಸಣ್ಣ ಅಂಗಡಿಗೆ ಅಷ್ಟು ಬೀಳುತ್ತದೆಂದು ಹೆದರಿಸುವ ಸಲಹೆಗಾರರ ಮಾತಿಗೆ ಕಿವಿಗೊಡಬೇಕಾಗಿಲ್ಲ. ತಪ್ಪಿನ ಗಾತ್ರ, ಪರಿಣಾಮಗಳನ್ನು ನೋಡಿಯೇ ದಂಡ ನಿರ್ಧಾರವಾಗುತ್ತದೆ.

ಈ ಅಧಿನಿಯಮವು ಡಿಜಿಟಲ್ ರೂಪದಲ್ಲಿರುವ ಅಥವಾ ಆಮೇಲೆ ಆ ರೂಪಕ್ಕೆ ತಂದ ಮಾಹಿತಿಗೆ ಮಾತ್ರ ಅನ್ವಯಿಸುತ್ತದೆ. ಬರಿಯ ಪುಸ್ತಕ ಇದರ ವ್ಯಾಪ್ತಿಗೆ ಬಾರದು. ಅದರ ಪುಟವನ್ನು ಮೊಬೈಲಿನಲ್ಲಿ ಚಿತ್ರ ತೆಗೆದೊಡನೆ ಬರುತ್ತದೆ. ಇನ್ನೊಂದು ವಿಷಯವನ್ನು ವರ್ತಕರು ಅಷ್ಟಾಗಿ ಗಮನಿಸಿಲ್ಲ. ಇದರಡಿ ವಿಧಿಸುವ ದಂಡ ಭಾರತದ ಸಂಚಿತ ನಿಧಿಗೆ ಸೇರುತ್ತದೆ. ನೊಂದ ಗ್ರಾಹಕನಿಗೆ ಕಾಸೂ ದೊರೆಯದು. ಪರಿಹಾರ ಬೇಕೆಂದವರು ಸಹಜವಾಗಿಯೇ ಗ್ರಾಹಕ ಆಯೋಗದತ್ತ ನೋಡುತ್ತಾರೆ. ಆದ್ದರಿಂದ 2027ನ್ನು ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ. ಗ್ರಾಹಕ ಸಂರಕ್ಷಣಾ ಕಾನೂನಿನ ಬಾಗಿಲು 2020ರಿಂದಲೇ ತೆರೆದಿದೆ.

ಅಂತರಜಾಲದಲ್ಲಿ ಮಾರುವವರಿಗೆ ಎರಡು ಮಾತು ಸಾಕು. 2020ರ ಇ-ವಾಣಿಜ್ಯ ನಿಯಮಗಳಂತೆ ಮೊದಲೇ ಗುರುತು ಹಾಕಿಟ್ಟ ಚೌಕದ ಮೂಲಕ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. 2023ರ ನವೆಂಬರ್ 30ರ ಮಾರ್ಗಸೂಚಿಗಳು ಹೆಸರಿಸಿದ 13 ಕಪಟ ವಿನ್ಯಾಸಗಳಲ್ಲಿ, ಕೊಳ್ಳುವುದಕ್ಕೆ ಬೇಕಿಲ್ಲದ ವೈಯಕ್ತಿಕ ವಿವರವನ್ನು ಬಲವಂತವಾಗಿ ಪಡೆಯುವುದೂ ಒಂದು.

ದೂರು ಬಂದಾಗ

ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಸಾಲಿಗ್ರಾಮದವರಿಗೆ ಅದು ಮೈಸೂರು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಗಳವರೆಗೆ ಇದ್ದರೆ ಶುಲ್ಕವಿಲ್ಲ. ಗೊಬ್ಬರದ ಒಂದು ಚೀಲಕ್ಕೆ ಸಂಬಂಧಿಸಿದ ದೂರೂ ಹೀಗೆ ಖರ್ಚಿಲ್ಲದೆ ದಾಖಲಾಗುತ್ತದೆ. ಎರಡು ವರ್ಷಗಳ ಒಳಗೆ ದೂರು ಕೊಡಬೇಕು. ವರ್ತಕರಿಗೆ ಉತ್ತರ ಕೊಡಲು 30 ದಿನಗಳು, ಆಯೋಗ ಒಪ್ಪಿದರೆ ಇನ್ನು 15 ದಿನಗಳು. 45 ದಿನಗಳ ಆಚೆಗೆ ಅವಕಾಶವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದೆ. ನೋಟೀಸನ್ನು ಗಲ್ಲಾಪೆಟ್ಟಿಗೆಯ ಕೆಳಗೆ ಹಾಕಿ ಮರೆತು, ಏಕಪಕ್ಷೀಯ ಆದೇಶವಾದ ಮೇಲೆ ಲೆಕ್ಕಪರಿಶೋಧಕರ ಬಳಿ ಓಡಿ ಬರುವವರಿದ್ದಾರೆ. ಆಯೋಗವು ಪರಿಹಾರ ಕೊಡಿಸಬಹುದು, ಪದ್ಧತಿಯನ್ನು ನಿಲ್ಲಿಸಲು ಆಜ್ಞಾಪಿಸಬಹುದು. ಆದೇಶ ಪಾಲಿಸದಿದ್ದರೆ ಕಲಂ 72ರಂತೆ ಒಂದು ತಿಂಗಳಿನಿಂದ ಮೂರು ವರ್ಷಗಳವರೆಗೆ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದೆ 1 ಲಕ್ಷದವರೆಗೆ ಜುಲ್ಮಾನೆ, ಅಥವಾ ಎರಡೂ.

ನೌಕರನು ಮಾಲೀಕರಿಗೆ ತಿಳಿಯದಂತೆ ಪಟ್ಟಿಯನ್ನು ಹೊರಗೆ ಕೊಟ್ಟಿದ್ದರೂ ಮೊದಲ ನೋಟೀಸು ಬರುವುದು ಅಂಗಡಿಯ ಹೆಸರಿಗೆ. ಆದುದರಿಂದ ಪುಸ್ತಕ ಯಾರ ಕೈಯಲ್ಲಿರುತ್ತದೆ, ಗಣಕಯಂತ್ರದ ಗುಪ್ತಪದ ಯಾರಿಗೆಲ್ಲ ಗೊತ್ತು ಎಂಬುದನ್ನು ಮಾಲೀಕರು ಒಮ್ಮೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕಂತು ತೀರಿದ ಸಾಲಗಳ ಆಧಾರ್ ಪ್ರತಿಗಳನ್ನು ಹಣಕಾಸು ಕಂಪನಿಯ ಒಪ್ಪಂದ ನೋಡಿಕೊಂಡು ಹಿಂದಿರುಗಿಸಬೇಕು ಇಲ್ಲವೆ ಹರಿದು ಸುಡಬೇಕು. ರದ್ದಿಗೆ ಹಾಕಿದರೆ ಅವು ಕಡಲೆಕಾಯಿಯ ಪೊಟ್ಟಣವಾಗಿ ಪೇಟೆಯಲ್ಲಿಯೇ ತಿರುಗುತ್ತವೆ. ತೆರಿಗೆಯ ದಾಖಲೆಗಳನ್ನು ಮಾತ್ರ ಈ ಉತ್ಸಾಹದಲ್ಲಿ ನಾಶಮಾಡಕೂಡದು. ಜಿ.ಎಸ್.ಟಿ. ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಕಾಪಾಡಬೇಕು. ಅವುಗಳಲ್ಲಿ ಗ್ರಾಹಕರ ಹೆಸರು, ವಿಳಾಸ ಇದ್ದರೂ ಅದಕ್ಕೆ ಕಾನೂನಿನ ಆಧಾರವಿದೆ.