ಐಎಸ್‌ಐ ಗುರುತಿನ ಆಚೆಗೆ: ಒಂದು ಅಭ್ಯಾಸ ಪಾಠದ ಅನುಭವ

ಅಭ್ಯಾಸ ಬೋಧನೆಗೆ ನನಗೆ ದೊರೆತದ್ದು ಮಾರ್ಕೋನಹಳ್ಳಿ ಸಮೀಪದ ಒಂದು ಪ್ರೌಢಶಾಲೆ. ಹತ್ತನೇ ತರಗತಿ, ವಿಷಯ ಗೃಹಬಳಕೆಯ ವಿದ್ಯುನ್ಮಂಡಲ. ಪಾಠಯೋಜನೆಯಲ್ಲಿ ಸುರಕ್ಷತೆಗೆ ಐದು ನಿಮಿಷ ಇಟ್ಟಿದ್ದೆ. “ಐಎಸ್‌ಐ ಗುರುತಿರುವ ಉಪಕರಣಗಳನ್ನೇ ಕೊಳ್ಳಬೇಕು” ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಮಕ್ಕಳು ಒಟ್ಟಾಗಿ ಓದಿದರು. ಪಾಠ ಮುಗಿಯಿತು ಎನ್ನುವಾಗ ಒಬ್ಬ ಹುಡುಗಿ ಎದ್ದಳು: “ಮಿಸ್, ನಮ್ಮನೆ ನೀರು ಕಾಯಿಸೋ ರಾಡ್‌ಗೂ ಐಎಸ್‌ಐ ಇದೆ. ಆದ್ರೂ ನೀರು ಮುಟ್ಟಿದ್ರೆ ಜುಮ್ ಅನ್ನುತ್ತೆ. ಯಾಕೆ?”

ನನ್ನಲ್ಲಿ ಉತ್ತರವಿರಲಿಲ್ಲ. ಆ ರಾಡನ್ನು ಇನ್ನು ಬಳಸಬಾರದೆಂದು ಮನೆಯಲ್ಲಿ ತಿಳಿಸಲು ಹೇಳಿ, ಕಾರಣ ವಿವರಿಸಲು ಒಂದು ದಿನ ಕೇಳಿಕೊಂಡೆ.

ಮರುದಿನ ಮಕ್ಕಳಿಂದ ವಿದ್ಯುತ್ ಸಾಮಾನುಗಳ ಖಾಲಿ ಡಬ್ಬಿಗಳನ್ನು ತರಿಸಿದೆ. ನಾನು ಒಂದು ಹೊಸ ರಾಡ್ ಒಯ್ದಿದ್ದೆ. ಅಸಲಿ ಗುರುತಿನ ಮೇಲೆ ಮಾನಕದ ಸಂಖ್ಯೆ ಇರುತ್ತದೆ: ರಾಡ್‌ಗೆ ಐಎಸ್ 368, ಇಸ್ತ್ರಿಪೆಟ್ಟಿಗೆಗೆ ಐಎಸ್ 366, ಪಿವಿಸಿ ತಂತಿಗೆ ಐಎಸ್ 694. ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ. ಅದನ್ನು ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ಎರಡು ಡಬ್ಬಿಗಳ ಮೇಲೆ ಗುರುತಿನ ಚಿತ್ರವಷ್ಟೇ ಇತ್ತು, ಸಂಖ್ಯೆ ಇರಲಿಲ್ಲ. ಮಕ್ಕಳೇ ಅದನ್ನು ಹಿಡಿದರು.

ಇಲ್ಲೊಂದು ಮಾತು ಸ್ಪಷ್ಟಪಡಿಸಬೇಕಾಯಿತು. ಎಷ್ಟೋ ವಸ್ತುಗಳಿಗೆ ಈ ಗುರುತು ಪಡೆಯುವುದು ತಯಾರಕರ ಇಚ್ಛೆಗೆ ಬಿಟ್ಟದ್ದು. ಆದರೆ ಕೇಂದ್ರ ಸರ್ಕಾರದ 2003ರ ಗುಣಮಟ್ಟ ನಿಯಂತ್ರಣ ಆದೇಶದಂತೆ ರಾಡ್, ಇಸ್ತ್ರಿಪೆಟ್ಟಿಗೆ, ತಂತಿಗಳಂಥವನ್ನು ಗುರುತಿಲ್ಲದೆ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕರೂ ಅದು ಕಾನೂನುಬಾಹಿರ ಮಾಲು.

ಹುಡುಗಿಯ ರಾಡಿನ ಸಂಖ್ಯೆ ಸರಿಯಾಗಿಯೇ ಇತ್ತು! ಹಾಗಾದರೆ ದೋಷ ಎಲ್ಲಿ? ಪ್ಲಗ್ ಹೇಗಿದೆ ಎಂದು ಕೇಳಿದೆ. “ಮೂರನೇ ಪಿನ್ನು ನಮ್ಮ ಸಾಕೆಟ್‌ಗೆ ಹೋಗ್ತಿರಲಿಲ್ಲ, ಅಪ್ಪ ಕತ್ತರಿಸಿದ್ರು.” ಇನ್ನೊಬ್ಬನ ಮನೆಯಲ್ಲಿ ಪ್ಲಗ್ಗೇ ಇಲ್ಲ, ತಂತಿ ತುರುಕಿ ಬೆಂಕಿಕಡ್ಡಿ ಸಿಕ್ಕಿಸುತ್ತಾರಂತೆ. ವರ್ಷಗಳ ಬಳಕೆಯಲ್ಲಿ ರಾಡಿನ ಒಳಗಿನ ನಿರೋಧಕ ಕೆಟ್ಟು ವಿದ್ಯುತ್ ಸೋರಬಹುದು. ಅದನ್ನು ಭೂಮಿಗೆ ಒಯ್ಯಬೇಕಾದ ದಾರಿಯೇ ಆ ಮೂರನೇ ಪಿನ್ನು. ನಮ್ಮ ಜಲಾಶಯದ ಸೈಫನ್ ನೆನಪಿಸಿದೆ: ನೀರು ಮಟ್ಟ ಮೀರಿದರೆ ಯಾರೂ ಗೇಟು ಎತ್ತಬೇಕಿಲ್ಲ, ತಾನೇ ಹೊರಹೋಗುತ್ತದೆ. (ಮೊದಲ ದಿನ ಇದೇ ಉಪಮೆಯನ್ನು ಫ್ಯೂಸ್‌ಗೆ ಬಳಸಿ ತಪ್ಪಿದ್ದೆ. ಫ್ಯೂಸ್ ಹರಿವನ್ನು ಕಡಿಯುತ್ತದೆ, ಬೇರೆ ದಾರಿ ಕೊಡುವುದಿಲ್ಲ.)

ಬಳಿಕ ಲೆಕ್ಕ ಕೊಟ್ಟೆ. 1500 ವ್ಯಾಟ್ ರಾಡ್, 220 ವೋಲ್ಟ್: ಪ್ರವಾಹ ಸುಮಾರು 6.8 ಆಂಪಿಯರ್. ಅಂದರೆ 6 ಆಂಪಿಯರ್‌ನ ಸಣ್ಣ ಸಾಕೆಟ್ ಸಾಲದು, 16 ಆಂಪಿಯರ್‌ನದೇ ಬೇಕು. ಪಿನ್ನು ಏಕೆ ಹೊಂದಲಿಲ್ಲ ಎಂಬುದು ಆ ಹುಡುಗಿಗೆ ತಾನಾಗಿಯೇ ಹೊಳೆಯಿತು.

ಈ ಪಾಠ ಮಾಡುವ ಸಹಪಾಠಿಗಳಿಗೆ ಎರಡು ಮಾತು. ಐದು ನಿಮಿಷ ಸಾಲದು, ಪೂರ್ತಿ ಅವಧಿ ಇಡಿ. ಮನೆಗೆಲಸವಾಗಿ ಪ್ಲಗ್, ಸಾಕೆಟ್‌ಗಳನ್ನು ದೂರದಿಂದ ನೋಡಿ ಬರೆದುಕೊಂಡು ಬರಲು ಮಾತ್ರ ಹೇಳಿ, ಬಿಚ್ಚಲು ಬೇಡ. ಹಾಗೆ ಬರೆದು ತಂದ ಹುಡುಗಿಯ ಪುಸ್ತಕದಲ್ಲಿ ಕೊನೆಯ ಸಾಲು: “ಬಚ್ಚಲುಮನೆ ಸಾಕೆಟ್‌ಗೆ ಅರ್ತ್ ಇದೆಯಾ ಅಂತ ಅಪ್ಪಂಗೂ ಗೊತ್ತಿಲ್ಲ. ಎಲೆಕ್ಟ್ರಿಷಿಯನ್ ಕರೀತಾರಂತೆ.”